ಕಾಡು ಒಣಗಿತು, ನಾವು ಎದ್ದು ನಿಂತೆವು – ಇಷ್ಟೇನಾ?

ಪಿಬಿ_ರಸ್ತೆ · ಸಂಜೆ 7.10
ನಿನ್ನೆ ಇಲ್ಲಿ ಒಬ್ಬರು ‘ಮನುಷ್ಯ ಎರಡು ಕಾಲಲ್ಲಿ ನಡೆಯೋಕೆ ಯಾಕೆ ಶುರು ಮಾಡಿದ’ ಅಂತ ಕೇಳಿದ್ದಕ್ಕೆ ಹನ್ನೆರಡು ಜನ ಹನ್ನೆರಡು ಥರ ಉತ್ತರ ಕೊಟ್ಟಿದ್ದೀರಿ. ಅಷ್ಟು ಗೋಜಲಿನ ವಿಷಯ ಅಲ್ಲ ಇದು. ಸುಮಾರು 80ರಿಂದ 60 ಲಕ್ಷ ವರ್ಷಗಳ ಹಿಂದೆ ಪೂರ್ವ ಆಫ್ರಿಕಾದಲ್ಲಿ ಹವೆ ಒಣಗುತ್ತಾ ಬಂತು. ಹುಲ್ಲು ಹರಡಿತು, ಒತ್ತಾಗಿದ್ದ ಕಾಡು ತುಂಡುತುಂಡಾಯಿತು. ಒಂದು ತೋಪಿಂದ ಇನ್ನೊಂದು ತೋಪಿಗೆ ಹೋಗಬೇಕಾದರೆ ನೆಲದ ಮೇಲೆ ದೂರ ನಡೆಯಲೇಬೇಕು. ಅಲ್ಲಿ ಎರಡು ಲಾಭ. ಮೊದಲನೆಯದು ಖರ್ಚು: 2007ರಲ್ಲಿ ಐದು ಚಿಂಪಾಂಜಿ, ನಾಲ್ಕು ಜನ ಮನುಷ್ಯರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ಆಮ್ಲಜನಕ ಅಳೆದರು. ಮನುಷ್ಯನ ನಡಿಗೆಗೆ ಚಿಂಪಾಂಜಿಗಿಂತ ಸುಮಾರು ಶೇ. 75 ಕಡಿಮೆ ಶಕ್ತಿ ಸಾಕಾಯಿತು. ಎರಡನೆಯದು ಬಿಸಿಲು: ನಡುಮಧ್ಯಾಹ್ನ ನೆಟ್ಟಗೆ ನಿಂತ ಮೈಮೇಲೆ ನಾಲ್ಕು ಕಾಲಿನ ಮೈಗಿಂತ ಶೇ. 60ರಷ್ಟು ಕಡಿಮೆ ನೇರ ಬಿಸಿಲು ಬೀಳುತ್ತೆ, ಇದು ಪೀಟರ್ ವೀಲರ್ ಹಾಕಿದ ಲೆಕ್ಕ. ಹುಲ್ಲುಗಾವಲೇ ನಮ್ಮನ್ನ ಎಬ್ಬಿಸಿ ನಿಲ್ಲಿಸಿದ್ದು. ಮುಗೀತು.

ಒನಕೆ_ಕಿಂಡಿ · 7.16
ವೀಲರ್ ಅಂದ್ರೆ 1947ರಲ್ಲಿ ನಮ್ಮ ಬ್ರಹ್ಮಗಿರಿ ಅಗೆಸಿದವರಲ್ವಾ? ಅವರಿಗೂ ಚಿಂಪಾಂಜಿಗೂ ಏನು ಸಂಬಂಧ ಸಾರ್?

ಜೋಗಿಮಟ್ಟಿ · 7.21
ಬ್ರಹ್ಮಗಿರಿ ಅಗೆಸಿದ್ದು ಮಾರ್ಟಿಮರ್ ವೀಲರ್, ಇವರು ಪೀಟರ್. ನೀವು ಮೊಳಕಾಲ್ಮುರು ಬಿಟ್ಟು ಸ್ವಲ್ಪ ಇಥಿಯೋಪಿಯಾಕ್ಕೆ ಬನ್ನಿ.

ಪಿಬಿ ಸಾರ್, ‘ಹುಲ್ಲುಗಾವಲೇ ಎಬ್ಬಿಸಿ ನಿಲ್ಲಿಸಿದ್ದು, ಮುಗೀತು’ ಅಂದ್ರಲ್ಲ, ಆ ಕಥೆ 2009ರಲ್ಲೇ ಮುಗಿದಿದೆ ಕಣ್ರೀ. ಅರಾಮಿಸ್‌ನಲ್ಲಿ 1994ರಲ್ಲಿ ಸಿಕ್ಕ ‘ಆರ್ಡಿ’, ಆರ್ಡಿಪಿಥೆಕಸ್ ರಾಮಿಡಸ್ ಅನ್ನೋ ಮಾನವ ಕುಲದ ಹಳೇ ಜಾತಿಯ ಅಸ್ಥಿಪಂಜರ, 44 ಲಕ್ಷ ವರ್ಷ ಹಳೆಯದು. ಮೂಳೆ ಮುಟ್ಟಿದರೆ ಪುಡಿಯಾಗೋ ಸ್ಥಿತಿ. ಬಿಡಿಸಿ, ಜೋಡಿಸಿ, ಪ್ರಕಟಿಸೋಕೆ ಟಿಮ್ ವೈಟ್ ತಂಡಕ್ಕೆ 15 ವರ್ಷ ಹಿಡೀತು. ಸೊಂಟದ ಮೂಳೆಯ ಮೇಲಿನ ಅಲಗು ಗಿಡ್ಡ, ಅಗಲ: ಎರಡು ಕಾಲಲ್ಲಿ ನಡೆಯುವವರ ಥರ. ಕಾಲಿನ ಹೆಬ್ಬೆರಳು ಮಾತ್ರ ಕೈಯ ಹೆಬ್ಬೆರಳಿನ ಹಾಗೆ ಪಕ್ಕಕ್ಕೆ ಅಗಲಿಕೊಂಡಿದೆ: ಕೊಂಬೆ ಹಿಡಿಯೋಕೆ. ಜೊತೆಗೆ ಸಿಕ್ಕಿದ್ದು ಮರದ ಮೇಲೆ ಬದುಕೋ ಕೊಲೊಬಸ್ ಮಂಗ, ಮರಗಾಡಿನ ಕುಡು ಅನ್ನೋ ಜಿಂಕೆ. ಆರ್ಡಿ ಎದ್ದು ನಡೆದದ್ದು ಕಾಡಲ್ಲಿ. ಹುಲ್ಲು ಆಮೇಲೆ.

ಪಿಬಿ_ರಸ್ತೆ · 7.34
‘ಕಾಡಲ್ಲಿ’ ಅನ್ನೋ ಪದ ಎಷ್ಟು ಸಲೀಸಾಗಿ ಬಳಸಿದ್ರಿ! 2010ರಲ್ಲಿ ಥ್ಯೂರ್ ಸೆರ್ಲಿಂಗ್ ಮತ್ತು ಜೊತೆಗಾರರು ಅದೇ ಅರಾಮಿಸ್‌ನ ಮಣ್ಣಿನ ಇಂಗಾಲದ ಐಸೊಟೋಪ್ ಅಂಕಿ (ಹುಲ್ಲಿಗೂ ಮರಕ್ಕೂ ಇದು ಬೇರೆ ಬೇರೆ ಇರುತ್ತೆ) ಇಟ್ಟುಕೊಂಡೇ ತಕರಾರು ಎತ್ತಿದ್ದಾರೆ. ಮರದ ನೆರಳು ಇದ್ದದ್ದು ಶೇ. 25 ಅಥವಾ ಅದಕ್ಕೂ ಕಡಿಮೆ. ಅದು ಕುರುಚಲು, ಮಧ್ಯೆ ಹುಲ್ಲು, ಅಲ್ಲೊಂದು ಇಲ್ಲೊಂದು ಮರ. ಜೋಗಿಮಟ್ಟಿ ಗುಡ್ಡಾನೂ ಕಾಡು ಅಂತಲೇ ಕರೀತೀವಿ, ಆಗುಂಬೆನೂ ಕಾಡು ಅಂತಲೇ ಕರೀತೀವಿ. ನಿಮ್ಮದು ಯಾವ ಕಾಡು?

ಜೋಗಿಮಟ್ಟಿ · 7.41
ಮಣ್ಣು ಸುತ್ತಲಿನ ಎಲ್ಲದರ ಸರಾಸರಿ ಹೇಳುತ್ತೆ ಸಾರ್. ಆ ಪ್ರಾಣಿ ಎಲ್ಲಿ ಮೇಯ್ತಿತ್ತು ಅಂತ ಹೇಳೋದು ಅದರ ಹಲ್ಲು. ಆರ್ಡಿಯ ಹಲ್ಲಿನ ಎನಾಮಲ್‌ನಲ್ಲಿ ಹುಲ್ಲಿನ ಮೂಲದ ಆಹಾರ ಶೇ. 10ರಿಂದ 25 ಅಷ್ಟೇ. ಉಳಿದದ್ದೆಲ್ಲ ಮರ, ಗಿಡ, ಹಣ್ಣು. ಇನ್ನೊಂದು ವಿಷಯ: ಆ ಪ್ರದೇಶದಲ್ಲೇ ಹುಲ್ಲು ಜಾಸ್ತಿ ಇದ್ದ ಕಡೆ ಆರ್ಡಿ ಮೂಳೆ ಸಿಗೋದೇ ಅಪರೂಪ. ಮರ ಇದ್ದ ಕಡೆನೇ ರಾಶಿ. ಹುಲ್ಲು ಪಕ್ಕದಲ್ಲಿತ್ತು, ಆಕೆ ಅಲ್ಲಿಗೆ ಹೋಗಲಿಲ್ಲ. ಯಾವ ಕಾಡು ಅಂದ್ರೆ, ಹೌದು, ಜೋಗಿಮಟ್ಟಿಯಂಥ ಕಾಡೇ. ಅದರಿಂದ ನಿಮಗೇನು ಲಾಭ ಆಯ್ತು?

ಎರೆಹೊಲ · 7.52
ಪಿಬಿ ಸಾರ್, ‘ನಡುಮಧ್ಯಾಹ್ನ’ ಅಂದ್ರಲ್ಲ, ಅಲ್ಲೇ ಸಿಕ್ಕಿಬಿದ್ರಿ ನೋಡ್ರಿ. ಏಪ್ರಿಲ್‌ನ್ಯಾಗ ಜಗಳೂರು ಕಡಿ ನಡುಮಧ್ಯಾಹ್ನ ಯಾವ ಪ್ರಾಣಿ ತಿರುಗಾಡ್ತೈತಿ? ದನ ಸೈತ ಜಾಲಿ ನೆಳ್ಳಿಗೆ ಹೋಗಿ ಮೆಲುಕು ಹಾಕ್ತಾವ. ವೀಲರ್ ಲೆಕ್ಕದಾಗ ಪ್ರಾಣಿ ಸುಮ್ನೆ ನಿಂತಿರ್ತೈತಿ. ನಡದ್ರ ಮೈಯೊಳಗೇ ಕಾವು ಹುಟ್ಟತೈತಿ, ಅದನ್ನ ಸೇರಿಸಿ 2011ರಾಗ ರಕ್ಸ್‌ಟನ್ ಮತ್ತ ವಿಲ್ಕಿನ್ಸನ್ ಮತ್ತೊಮ್ಮೆ ಲೆಕ್ಕ ಹಾಕಿದ್ರು. ಮೈಕೂದಲು ಉದುರಿದ್ದಕ್ಕ ಕಾವು ಕಾರಣ ಆಗಬಹುದು, ಎದ್ದು ನಿಂತಿದ್ದಕ್ಕ ಅಲ್ಲ ಅಂತ ಬಂತು.

ನನ್ನ ಕೇಳಿದ್ರ ಕೈ ಖಾಲಿ ಆಗಿದ್ದೇ ಕಾರಣ. ಹೊರೋದು. ಗಿನಿ ದೇಶದ ಬೊಸ್ಸೂದಾಗ ಚಿಂಪಾಂಜಿಗಳಿಗೆ ಎರಡು ಥರದ ಕಾಯಿ ಇಟ್ಟು ನೋಡಿದಾರ, 2012ರಾಗ ಬಂದ ಲೇಖನ. ಅಪರೂಪದ ಕಾಯಿ ಕಂಡ್ರ ಬಾಯಾಗ, ಎರಡೂ ಕೈಯಾಗ ಹಿಡಕೊಂಡು ಎರಡು ಕಾಲ ಮ್ಯಾಲೆ ಹೋಗೋದು ಹೆಚ್ಚು. ಎಪಿಎಂಸಿಯಾಗ ಹಮಾಲಿಗೆ ಕೇಳ್ರಿ, ನಾಲ್ಕು ಕಾಲ ಮ್ಯಾಲೆ ಚೀಲ ಹೊರಾಕ ಆಕೈತೇನು ಅಂತ.

ಪಿಬಿ_ರಸ್ತೆ · 7.58
ಹಮಾಲಿ ಮೆಕ್ಕೆಜೋಳದ ಚೀಲ ಹೊರೋದಕ್ಕೂ ಚಿಂಪಾಂಜಿ ಕಾಯಿ ಹಿಡ್ಕೊಂಡು ಓಡೋದಕ್ಕೂ ಅಜಗಜಾಂತರ. ಕತ್ತೆನೂ ನಾಲ್ಕು ಕಾಲ ಮೇಲೆ ಹೊರುತ್ತೆ ಸ್ವಾಮಿ.

ಎರೆಹೊಲ · 8.01
ಕತ್ತಿ ಮ್ಯಾಲೆ ಹೇರೋರು ಯಾರು? ಎರಡು ಕಾಲಿನೋರೇ ಅಲ್ಲೇನು?

ಒನಕೆ_ಕಿಂಡಿ · 8.04
ದುರ್ಗದ ಕೋಟೆಗೆ ಬನ್ನಿ. ಯಾರದ್ದಾದ್ರೂ ಕೈಲಿರೋ ತೆಂಗಿನಕಾಯಿ ಕಿತ್ಕೊಂಡ ಮಂಗ ಎರಡು ಕಾಲಲ್ಲೇ ಹತ್ತು ಹೆಜ್ಜೆ ಓಡುತ್ತೆ. ಅದಕ್ಕೂ ಆರ್ಡಿಗೂ ಏನು ವ್ಯತ್ಯಾಸ? ಯಾರಾದ್ರೂ ಸಿಂಪಲ್ಲಾಗಿ ಹೇಳಿ.

ಕುಂದುವಾಡ_ಕೆರೆ · 8.19
ಹೇಳ್ತೀನಿ. ಆ ಮಂಗನ್ನ ಹಿಂದಿನಿಂದ ನೋಡಿ. ಸೊಂಟ ಬಗ್ಗಿ, ಮೊಣಕಾಲು ಮಡಚಿ, ಒಂದೊಂದು ಹೆಜ್ಜೆಗೂ ಇಡೀ ಮೈ ಎಡಕ್ಕೆ ಬಲಕ್ಕೆ ವಾಲುತ್ತೆ. ಕಾರಣ ತೊಡೆಮೂಳೆಯಲ್ಲಿದೆ.

ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಸ್ವಲ್ಪ ಹೊತ್ತು ಪೂರ್ತಿ ಭಾರ ಒಂದೇ ಕಾಲಿನ ಮೇಲಿರುತ್ತೆ. ಆಗ ಪಾದ ಮೈಯ ನಡುಗೆರೆಯ ಹತ್ತಿರ ಇರಬೇಕು, ಇಲ್ಲದಿದ್ದರೆ ಎತ್ತಿದ ಕಾಲಿನ ಕಡೆ ಬೀಳ್ತೀವಿ. ಬೇಕಾದರೆ ಎರಡು ಪಾದ ಒಂದೂವರೆ ಅಡಿ ಅಗಲ ಇಟ್ಟುಕೊಂಡು, ಆ ಅಗಲ ಬಿಡದೆ ನಾಲ್ಕು ಹೆಜ್ಜೆ ನಡೆದು ನೋಡಿ, ನೀವೂ ಕೋಟೆಯ ಮಂಗನ ಥರ ವಾಲಾಡ್ತೀರಿ. ನಮ್ಮಲ್ಲಿ ತೊಡೆಮೂಳೆ ಸೊಂಟದಿಂದ ಮೊಣಕಾಲಿಗೆ ಬರುವಾಗ ಒಳಮುಖವಾಗಿ ಓರೆಯಾಗಿದೆ. ಸೊಂಟ ಅಗಲ ಇದ್ದರೂ ಮೊಣಕಾಲು, ಪಾದ ಒಳಗೆ ಬರುತ್ತೆ. ಈ ಓರೆಗೆ ಬೈಕಾಂಡೈಲರ್ ಕೋನ ಅಂತಾರೆ. ಮನುಷ್ಯನಲ್ಲಿ ಸುಮಾರು 9–10 ಡಿಗ್ರಿ. ಚಿಂಪಾಂಜಿಯಲ್ಲಿ ಹೆಚ್ಚುಕಡಿಮೆ ಸೊನ್ನೆ. 1973ರಲ್ಲಿ ಇಥಿಯೋಪಿಯಾದ ಹಡಾರ್‌ನಲ್ಲಿ ಡೊನಾಲ್ಡ್ ಜೊಹಾನ್ಸನ್‌ಗೆ ಸಿಕ್ಕಿದ ಎಎಲ್ 129-1 ಅನ್ನೋ ನಂಬರಿನ ಫಾಸಿಲ್ ಮೊಣಕಾಲಿನಲ್ಲಿ ನಮಗಿಂತ ಹೆಚ್ಚು, ಸುಮಾರು 15. ಲೂಸಿ, ಅಂದರೆ ಆಸ್ಟ್ರಲೋಪಿಥೆಕಸ್ ಅನ್ನೋ ಹಳೇ ಮಾನವ ಕುಲದ ಹೆಸರಾಂತ ಅಸ್ಥಿಪಂಜರ, ಸಿಕ್ಕಿದ್ದು ಅದರ ಮಾರನೇ ವರ್ಷ. ಅಂದರೆ 30 ಲಕ್ಷ ವರ್ಷಕ್ಕೂ ಹಿಂದೆ ನಡಿಗೆ ಇತ್ತು ಅಂತ ಮೊದಲು ಹೇಳಿದ್ದು ಒಂದು ಮೊಣಕಾಲು.

ಮೂಳೆ_ಮಾತು · 8.31
‘ಮನುಷ್ಯನಲ್ಲಿ 9–10 ಡಿಗ್ರಿ’ – ತಪ್ಪು. ಮನುಷ್ಯನ ತೊಡೆಮೂಳೆಯ ವ್ಯಾಲ್ಗಸ್, ಅಂದ್ರೆ ಓರೆ, 6 ಡಿಗ್ರಿ. ಮೊಣಕಾಲು ಬದಲಿ ಆಪರೇಷನ್‌ನಲ್ಲಿ ಮೂಳೆಯ ಒಳಕ್ಕೆ ಸರಳು ತೂರಿಸಿ, ಜಿಗ್ (ಕತ್ತರಿಸೋ ಕೋನ ಹಿಡಿದಿಡೋ ಸಾಧನ) ಅನ್ನು 5ರಿಂದ 7ರೊಳಗೆ ಇಟ್ಟು ತುದಿ ಕತ್ತರಿಸ್ತಾರೆ. 9ಕ್ಕೆ ಇಟ್ಟರೆ ಪೇಷೆಂಟ್ ಕಾಲು 3 ಡಿಗ್ರಿ ಹೊರಕ್ಕೆ ಹೋಗುತ್ತೆ. ಫಾಸಿಲ್ ಓದುವವರು ಬದುಕಿರೋ ಮನುಷ್ಯನ ಎಕ್ಸ್‌ರೇನೂ ಒಮ್ಮೆ ನೋಡಬೇಕು.

ಕುಂದುವಾಡ_ಕೆರೆ · 8.44
ನೀವು ಹೇಳ್ತಿರೋದು ಬೇರೆ ಕೋನ. ನಿಮ್ಮ 6 ಅನ್ನೋದು ತೊಡೆಮೂಳೆ ದಂಡದ ಗೆರೆಗೂ, ಸೊಂಟದ ಗುಂಡಿನ ನಡುವಿಂದ ಮೊಣಕಾಲಿನ ನಡುವಿಗೆ ಎಳೆದ ಭಾರದ ಗೆರೆಗೂ ಇರೋ ವ್ಯತ್ಯಾಸ. ಬೈಕಾಂಡೈಲರ್ ಕೋನಕ್ಕೆ ಸೊಂಟದ ಗುಂಡು ಬೇಕಾಗೇ ಇಲ್ಲ.

ಅಳೆಯೋದು ಹೀಗೆ: ಮೂಳೆ ಅಳೆಯುವ ಹಲಗೆ ಮೇಲೆ ತೊಡೆಮೂಳೆಯನ್ನ ಬೆನ್ನು ಕೆಳಗೆ ಮಾಡಿ ಮಲಗಿಸಬೇಕು. ಮೊಣಕಾಲಿನ ಎರಡೂ ಗುಂಡುಗಳ ತಳ, ಅಂದರೆ ಒಳಗಿನ ಕಾಂಡೈಲು, ಹೊರಗಿನ ಕಾಂಡೈಲು, ಎರಡೂ ಹಲಗೆಯ ನಿಂತ ಗೋಡೆಗೆ ತಾಗಬೇಕು. ದಂಡದ ಮೇಲೆ ಎರಡು ಕಡೆ ಅಗಲದ ಮಧ್ಯಬಿಂದು ಗುರುತು ಮಾಡಿ ಗೆರೆ ಎಳೀಬೇಕು. ಆ ಗೆರೆ ಗೋಡೆಗೆ ಲಂಬವಾಗಿರೋ ಗೆರೆಯಿಂದ ಎಷ್ಟು ಓರೆ, ಅದೇ ಕೋನ. ನಿಮ್ಮ ಎಕ್ಸ್‌ರೇ ಭಾಷೆಯಲ್ಲೇ ಹೇಳ್ಬೇಕಂದ್ರೆ, ದಂಡಕ್ಕೂ ಕೀಲಿನ ಗೆರೆಗೂ ಹೊರಬದಿಯಲ್ಲಿ ಇರೋ ಕೋನ ಸಾಮಾನ್ಯವಾಗಿ 81. 90ರಲ್ಲಿ 81 ಕಳೀರಿ.

ಪಿಬಿ_ರಸ್ತೆ · 8.49
ಫಿಸಿಯೋಥೆರಪಿಯವರು 15ರ ಹತ್ತಿರ ಅಂತಾರಲ್ಲ? ಹೆಂಗಸರಿಗೆ ಇನ್ನೂ ಜಾಸ್ತಿ ಅಂತ. ಹಾಗಾದರೆ ನಮಗೂ ಲೂಸಿ ಕಾಲದವರಿಗೂ ವ್ಯತ್ಯಾಸವೇ ಇಲ್ಲ!

ಮೂಳೆ_ಮಾತು · 8.52
ಅದು ಕ್ಯೂ ಕೋನ. ಸೊಂಟದ ಮುಂದಿನ ಮೊನೆ, ಮೊಣಕಾಲ ಚಿಪ್ಪು, ಮುಂಗಾಲಿನ ಗುಬುಟು – ಈ ಮೂರರ ಮಧ್ಯೆ ಅಳೆಯೋದು. ಅದು ಸ್ನಾಯು ಎಳೆಯುವ ದಿಕ್ಕು ತೋರಿಸುತ್ತೆ, ಮೂಳೆಯ ಓರೆ ಅಲ್ಲ. ದಯವಿಟ್ಟು ಮಧ್ಯೆ ಬರಬೇಡಿ.

ಕುಂದುವಾಡ_ಕೆರೆ · 8.53
ಈ ಒಂದು ಮಾತಿಗೆ ನನ್ನದೂ ಸಹಿ. ಫಾಸಿಲ್‌ನಲ್ಲಿ ಕ್ಯೂ ಕೋನ ಅಳೆಯೋಕೆ ಆಗಲ್ಲ.

ಒನಕೆ_ಕಿಂಡಿ · 8.55
ಮೊಳಕಾಲ್ಮುರು ಬಿಡಿ ಅಂದವರ ಊರಲ್ಲೇ ಈಗ ಎಲ್ಲರೂ ಮೊಳಕಾಲು ಹಿಡ್ಕೊಂಡು ಕೂತಿದ್ದೀರಿ.

ಮೂಳೆ_ಮಾತು · 9.08
‘90ರಲ್ಲಿ 81 ಕಳೀರಿ’ ಅಂತ ಪಾಠ ಹೇಳೋದು ಬೇಡ ಮೇಡಂ, 81 ನನಗೂ ಗೊತ್ತು. ಭಾರದ ಗೆರೆಗೆ ಕೀಲಿನ ಗೆರೆ 87 ಇರುತ್ತೆ. ನಿಮ್ಮ 9ರಲ್ಲಿ 6 ದಂಡದ್ದು, 3 ಕೀಲಿನದ್ದು. ಭಾರ ಹೋಗೋದು ಭಾರದ ಗೆರೆಯ ಮೇಲೆ. ಆದ್ದರಿಂದ ಲೆಕ್ಕಕ್ಕೆ ಬರೋದು 6 ಅಂತ ನಾನು ಮೊದಲೇ ಹೇಳಿದ್ದು.

ಈಗ ನನ್ನ ಪ್ರಶ್ನೆ. ಎಎಲ್ 129-1 ಅಂದ್ರೆ ತೊಡೆಮೂಳೆಯ ಕೆಳತುದಿ ಮಾತ್ರ, ಮೇಲಿನ ದಂಡ ಇಲ್ಲ. ದಂಡದ ಗೆರೆ ಎಳೆಯೋಕೆ ಎರಡು ಮಧ್ಯಬಿಂದು ದೂರ ದೂರ ಇರಬೇಕು. ಮೋಟು ತುಂಡಿನಲ್ಲಿ ಮಧ್ಯಬಿಂದು 2 ಮಿಲಿಮೀಟರ್ ಆಚೀಚೆ ಆದರೆ ಕೋನ ಎಷ್ಟು ಆಚೀಚೆ ಆಗುತ್ತೆ? ಬಿಂದುಗಳ ಅಂತರ 4 ಸೆಂಟಿಮೀಟರ್ ಇದ್ದರೆ 3 ಡಿಗ್ರಿ ತಪ್ಪು. ಪೂರ್ತಿ ಮೂಳೆಯಲ್ಲಿ ಅಂತರ 25 ಸೆಂಟಿಮೀಟರ್ ಇರುತ್ತೆ, ಅದೇ 2 ಮಿಲಿಮೀಟರ್‌ಗೆ ತಪ್ಪು ಅರ್ಧ ಡಿಗ್ರಿಗೂ ಕಡಿಮೆ. ತೊಡೆಮೂಳೆ ಮುಂದಕ್ಕೆ ಬಿಲ್ಲಿನ ಥರ ಬಾಗಿರುತ್ತೆ. ಹಲಗೆ ಮೇಲೆ ಸ್ವಲ್ಪ ಹೊರಳಿದರೆ ಆ ಬಾಗೂ ಓರೆಯಾಗಿ ಕಾಣುತ್ತೆ. ಒಳಗಿನ ಕಾಂಡೈಲು ಸವೆದಿದ್ದರಂತೂ ಕೇಳೋದೇ ಬೇಡ. ಹೀಗಿರುವಾಗ 15 ಅಂತ ಕಲ್ಲಿನ ಮೇಲೆ ಕೆತ್ತಿದ ಹಾಗೆ ಹೇಳೋದು ಹೇಗೆ?

ಕುಂದುವಾಡ_ಕೆರೆ · 9.27
ಅಳತೆಯ ತಪ್ಪಿನ ಲೆಕ್ಕ ಸರಿ ಇದೆ. ಆದರೆ 15ರಲ್ಲಿ 3 ಕಳೆದರೂ 12. ಚಿಂಪಾಂಜಿಯ ಸೊನ್ನೆಗೆ ಇಳಿಸೋಕೆ ನೀವು ಎಷ್ಟು ಮಿಲಿಮೀಟರ್ ಜಾರಿಸಬೇಕು?

ಮೇಲಾಗಿ ಕೋನ ಒಂದನ್ನೇ ನೋಡಿ ಯಾರೂ ತೀರ್ಮಾನ ಮಾಡಿಲ್ಲ. ತೊಡೆಮೂಳೆ ಒಳಕ್ಕೆ ಓರೆಯಾದಾಗ ತೊಡೆಯ ಮುಂದಿನ ಸ್ನಾಯು ಮೊಣಕಾಲ ಚಿಪ್ಪನ್ನ ಹೊರಕ್ಕೆ ಎಳೆಯುತ್ತೆ. ಚಿಪ್ಪು ಜಾರದಂತೆ ತಡೆಯೋಕೆ ಚಿಪ್ಪು ಓಡಾಡುವ ಕಾಲುವೆಯ ಹೊರಗಿನ ಅಂಚು ಎತ್ತರವಾಗಿರುತ್ತೆ. ನಮ್ಮಲ್ಲಿ ಹಾಗಿದೆ. ಚಿಂಪಾಂಜಿಯಲ್ಲಿ ಆ ಕಾಲುವೆ ಚಪ್ಪಟೆ. ಹಡಾರ್ ಮೂಳೆಗಳಲ್ಲಿ ಅಂಚು ಎತ್ತರಕ್ಕಿದೆ. ನಿಮಗೂ ಇದು ಗೊತ್ತಿರಲೇಬೇಕು. ಆ ಅಂಚು ತಗ್ಗಾಗಿರೋ ಹುಡುಗಿಯರಲ್ಲೇ ಚಿಪ್ಪು ಪದೇ ಪದೇ ಜಾರೋದು.

ಜೋಗಿಮಟ್ಟಿ · 9.33
ಮೂಲ ಪ್ರಶ್ನೆ ಹುಲ್ಲೋ ಕಾಡೋ ಅನ್ನೋದಾಗಿತ್ತು. ಹಡಾರ್ ಎಷ್ಟಂದ್ರೂ 34 ಲಕ್ಷ ವರ್ಷ. ಶುರುವಾದದ್ದು ಅದಕ್ಕೂ ಬಹಳ ಹಿಂದೆ. ಸುಮಾತ್ರಾದ ಕಾಡಲ್ಲಿ ಒರಾಂಗುಟಾನ್ ಸಣ್ಣ ಕೊಂಬೆಗಳ ಮೇಲೆ ಕೈಯಲ್ಲಿ ಮೇಲಿನ ಕೊಂಬೆ ಹಿಡ್ಕೊಂಡು, ಮೊಣಕಾಲು ಮಡಚದೆ ನೆಟ್ಟಗೆ ನಡೆಯುತ್ತೆ, 2007ರಲ್ಲಿ ಥಾರ್ಪ್, ಹೋಲ್ಡರ್, ಕ್ರಾಂಪ್ಟನ್ ದಾಖಲಿಸಿದ್ದಾರೆ. ತುದಿಕೊಂಬೆಯ ಹಣ್ಣಿಗೆ ಅದೇ ದಾರಿ. ನೆಟ್ಟಗಿನ ನಡಿಗೆ ಮರದ ಮೇಲೇ ಶುರುವಾಗಿದ್ದಿರಬಹುದು, ನೆಲಕ್ಕೆ ಬಂದ ಮೇಲೆ ಮುಂದುವರೀತು. ಪಿಬಿ ಸಾರ್ ಇದಕ್ಕೇನಂತೀರಿ?

ಮೂಳೆ_ಮಾತು · 9.38
ಒರಾಂಗುಟಾನ್ ತಂದದ್ದು ಒಳ್ಳೇದಾಯ್ತು. ಒರಾಂಗುಟಾನ್ ತೊಡೆಮೂಳೆಯಲ್ಲೂ ಈ ಓರೆ ಸ್ವಲ್ಪ ಇದೆ. ಅದೇನು ಬೀದಿಯಲ್ಲಿ ನಡೆಯುತ್ತಾ? ಕೋನ ಇದ್ದರೆ ನಡಿಗೆ ಅನ್ನೋ ವಾದ ಅಲ್ಲಿಗೇ ಮಗುಚಿ ಬಿತ್ತು.

ಜೋಗಿಮಟ್ಟಿ · 9.39
ನಾನು ಕೇಳಿದ್ದು ಪಿಬಿ ಸಾರ್‌ಗೆ.

ಕುಂದುವಾಡ_ಕೆರೆ · 9.46
ಒರಾಂಗುಟಾನ್‌ನಲ್ಲಿ ಸ್ವಲ್ಪ ಓರೆ ಇದೆ, ಅಷ್ಟು ಒಪ್ಪಿದೆ. ಎತ್ತರದ ಅಂಚು ಇಲ್ಲ. ಎರಡೂ ಒಟ್ಟಿಗೆ ಇರೋದು ಎರಡು ಕಾಲಲ್ಲಿ ನಡೆಯುವವರಲ್ಲಿ.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಮಕ್ಕಳದ್ದು. ಹುಟ್ಟಿದ ಕೂಸಿನ ತೊಡೆಮೂಳೆಯಲ್ಲಿ ಈ ಕೋನ ಸೊನ್ನೆ. ನಡೆಯೋಕೆ ಶುರು ಮಾಡಿದ ಮೇಲೆ, ಮೊಣಕಾಲಿನ ಹತ್ತಿರದ ಬೆಳವಣಿಗೆಯ ಫಲಕದ ಒಳಬದಿ ಹೆಚ್ಚು ಬೆಳೆದು ದಂಡ ಓರೆಯಾಗುತ್ತಾ ಹೋಗುತ್ತೆ. ಹುಟ್ಟಿದಾಗಿನಿಂದ ನಡೆಯಲಾರದ ಮಕ್ಕಳಲ್ಲಿ ಅದು ಬೆಳೆಯೋದೇ ಇಲ್ಲ. ಅಂದರೆ 15 ಡಿಗ್ರಿ ಇರೋ ಪ್ರಾಣಿ ‘ನಡೆಯಬಲ್ಲ’ ಪ್ರಾಣಿ ಅಷ್ಟೇ ಅಲ್ಲ, ಚಿಕ್ಕಂದಿನಿಂದ ದಿನಾ ನಡೆದ ಪ್ರಾಣಿ. ಬೇರೆ ಯಾವ ಮೂಳೆಯೂ ಇಷ್ಟು ಸ್ಪಷ್ಟವಾಗಿ ಇದನ್ನ ಹೇಳಲ್ಲ.

ಮೂಳೆ_ಮಾತು · 9.58
‘ನಡೆಯುತ್ತಾ ಓರೆಯಾಗುತ್ತಾ ಹೋಗುತ್ತೆ’! ಯಾವುದಾದ್ರೂ ಮಕ್ಕಳ ಒಪಿಡಿ ಮುಂದೆ ಹತ್ತು ನಿಮಿಷ ನಿಲ್ಲಿ. ಹುಟ್ಟಿದ ಮಗುವಿನ ಕಾಲು ಹೊರಕ್ಕೆ ಬಾಗಿರುತ್ತೆ, ಒಂದೂವರೆಯಿಂದ ಎರಡು ವರ್ಷಕ್ಕೆ ನೇರ, ಮೂರು ನಾಲ್ಕನೇ ವರ್ಷಕ್ಕೆ ಮೊಣಕಾಲು ಒಂದಕ್ಕೊಂದು ತಾಗುವಷ್ಟು ಒಳಕ್ಕೆ, ಏಳನೇ ವರ್ಷಕ್ಕೆ ಮತ್ತೆ ಕಡಿಮೆಯಾಗಿ ದೊಡ್ಡವರ ಮಟ್ಟಕ್ಕೆ. 1975ರಲ್ಲಿ ಸಲೇನಿಯಸ್ ಮತ್ತು ವಾಂಕ್ಕಾ ಸಾವಿರಕ್ಕೂ ಹೆಚ್ಚು ಮಕ್ಕಳನ್ನ ಅಳೆದು ತೋರಿಸಿದ ವಿಷಯ. ನಡೆದಷ್ಟೂ ಹೆಚ್ಚಬೇಕಾದರೆ ನಾಲ್ಕು ವರ್ಷದ ಮೇಲೆ ಯಾಕೆ ಇಳಿಯುತ್ತೆ? ಮಕ್ಕಳು ನಾಲ್ಕನೇ ವರ್ಷಕ್ಕೆ ನಡೆಯೋದು ಬಿಡ್ತಾರಾ?

ಎರೆಹೊಲ · 10.02
ಹಂಗಾರ ಮಕ್ಕಳ ಕಾಲು ಸೊಟ್ಟ ಅಂತ ನಾಟಿ ವೈದ್ಯರು ಪಟ್ಟಿ ಕಟ್ತಾರಲ್ರೀ, ಅದೆಲ್ಲ ಸುಮ್ನೆ ಏನು?

ಮೂಳೆ_ಮಾತು · 10.03
ಎರಡೂ ಕಾಲು ಒಂದೇ ಥರ ಇದ್ದು, ವಯಸ್ಸಿಗೆ ತಕ್ಕ ಹಾಗಿದ್ದರೆ ಸುಮ್ನೆ. ಒಂದು ಕಾಲು ಮಾತ್ರ ಬಾಗಿದ್ದರೆ, ಅಥವಾ ಏಳು ದಾಟಿದ ಮೇಲೂ ಹೆಚ್ಚುತ್ತಿದ್ದರೆ ತೋರಿಸಬೇಕು. ರಿಕೆಟ್ಸ್ (ಮೂಳೆ ಮೆತ್ತಗಾಗೋ ಕಾಯಿಲೆ) ಇರಬಹುದು. ಪಟ್ಟಿ ಯಾವುದಕ್ಕೂ ಬೇಡ.

ಕುಂದುವಾಡ_ಕೆರೆ · 10.15
ಮತ್ತೆ ಅದೇ ತಪ್ಪು, ಇದು ಮೂರನೇ ಸಲ. ಸಲೇನಿಯಸ್ ಅಳೆದದ್ದು ತೊಡೆಗೂ ಕೆಳಗಾಲಿಗೂ ಮಧ್ಯದ ಕೋನ, ಎರಡು ಮೂಳೆಯದ್ದು. ನಾನು ಹೇಳ್ತಿರೋದು ಒಂದೇ ಮೂಳೆಯ ಒಳಗಿನ ಓರೆ. ಅದರಲ್ಲಿ ಕೆಳಗಾಲಿನ ಮೂಳೆಯ ಬಾಗೇ ಇಲ್ಲ. ತೊಡೆಮೂಳೆಯ ಓರೆ ಸೊನ್ನೆಯಿಂದ ಏರುತ್ತಾ ಬಾಲ್ಯದಲ್ಲೇ ದೊಡ್ಡವರ ಮಟ್ಟ ಮುಟ್ಟುತ್ತೆ, ಆಮೇಲೆ ಇಳಿಯಲ್ಲ. ಕ್ರಿಸ್ಟೀನ್ ತಾರ್ದಿಯು ಮಕ್ಕಳ ತೊಡೆಮೂಳೆಗಳನ್ನೇ ಇಟ್ಟುಕೊಂಡು ಮಾಡಿದ ಕೆಲಸ ಅದು. ನೀವು 6 ಅಂದಾಗ ಬೇರೆ ಗೆರೆ, ಈಗ ಬೇರೆ ಮೂಳೆ. ನಾಳೆ ಪಾದಕ್ಕೆ ಇಳೀತೀರೇನೋ.

ಮೂಳೆ_ಮಾತು · 10.19
ಕೈಯಲ್ಲಿ ಒಂದು ಪೇಪರ್ ಹಿಡ್ಕೊಂಡು ದಿನಾ ಕಾಲು ನೋಡುವವರಿಗೆ ಪಾಠ. ಇದೇ ಗೂಗಲ್ ಪಾಂಡಿತ್ಯ.

ಕುಂದುವಾಡ_ಕೆರೆ · 10.21
ದಿನಾ ಕಾಲು ನೋಡುವವರು 9ನ್ನೂ 6ನ್ನೂ ಬೆರೆಸಿದ್ದಾರೆ ಅಂತ ನಾನಲ್ಲ, ಈ ಪುಟವೇ ಹೇಳುತ್ತೆ. ಮೇಲಕ್ಕೆ ಹೋಗಿ 8.31 ಓದಿ.

ಎರೆಹೊಲ · 10.24
ಇಬ್ರೂ ಸ್ವಲ್ಪ ನೀರು ಕುಡೀರಿ. ಸಾರ್, ‘ಗೂಗಲ್ ಪಾಂಡಿತ್ಯ’ ಅನ್ನೋದು ಬ್ಯಾಡಾಗಿತ್ತು. ಮೇಡಂ ಅಳಿಯೋ ರೀತಿ ಹಲಗಿ ಸಮೇತ ಹೇಳಿದಾರ, ಗೂಗಲ್‌ನ್ಯಾಗ ಹಲಗಿ ಸಿಗಂಗಿಲ್ಲ.

ಒನಕೆ_ಕಿಂಡಿ · 10.26
ಕರಡಿನೂ ಎದ್ದು ನಿಲ್ಲುತ್ತೆ, ಅದರ ಕೋನ ಎಷ್ಟು ಡಿಗ್ರಿ?

ಜೋಗಿಮಟ್ಟಿ · 10.34
ತಮಾಷೆಗೆ ಕೇಳಿದ್ರೂ ಇದಕ್ಕೊಂದು ಉತ್ತರ ಐತೆ. ತಾಂಜಾನಿಯಾದ ಲೇಟೋಲಿಯಲ್ಲಿ 36.6 ಲಕ್ಷ ವರ್ಷದ ಹಿಂದಿನ ಜ್ವಾಲಾಮುಖಿ ಬೂದಿಯಲ್ಲಿ ಮೇರಿ ಲೀಕಿ ತಂಡಕ್ಕೆ 1978ರಲ್ಲಿ ಸಿಕ್ಕ ಹೆಜ್ಜೆಸಾಲು ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ 1976ರಲ್ಲೇ ಹತ್ತಿರದಲ್ಲಿ ಐದು ವಿಚಿತ್ರ ಹೆಜ್ಜೆ ಸಿಕ್ಕಿದ್ದವು. ಒಂದು ಕಾಲು ಇನ್ನೊಂದರ ಅಡ್ಡ ಹಾಯ್ದು ಬಿದ್ದಂಥವು, ಅಗಲ ಪಾದ. ಎದ್ದು ನಡೆದ ಕರಡಿ ಇರಬಹುದು ಅಂತ ಪಕ್ಕಕ್ಕಿಟ್ಟರು. ಮತ್ತೆ ಅಗೆದು ಅಳೆದಾಗ 2021ರಲ್ಲಿ ತೀರ್ಮಾನ ಆಗಿದ್ದು ಕರಡಿ ಅಲ್ಲ, ಎರಡು ಕಾಲಿನ ಮಾನವ ಜಾತಿಯದ್ದೇ. ಹಿಮ್ಮಡಿ ಅಗಲ, ಹೆಬ್ಬೆರಳು ಎರಡನೇ ಬೆರಳಿಗಿಂತ ದೊಡ್ಡದು. ಕಾಡುಕರಡಿಗಳ ವೀಡಿಯೊ ಗಂಟೆಗಟ್ಟಲೆ ನೋಡಿದರು, ಎರಡು ಕಾಲಲ್ಲಿ ನಡೆದದ್ದು ಶೇ. 1ಕ್ಕಿಂತ ಕಡಿಮೆ ಹೊತ್ತು. ಗಮನಿಸಿ: ಒಂದೇ ಕಾಲದಲ್ಲಿ, ಒಂದೇ ಬಯಲಲ್ಲಿ, ಎರಡು ಥರದ ನಡಿಗೆ.

ಪಿಬಿ_ರಸ್ತೆ · 10.40
‘ಒಂದೇ ಬಯಲಲ್ಲಿ’. ನೀವೇ ಹೇಳಿದ್ರಿ. ಬಯಲು. ಕಾಡಲ್ಲ.

ಜೋಗಿಮಟ್ಟಿ · 10.42
36 ಲಕ್ಷದ ಹೊತ್ತಿಗೆ ಬಯಲಿಗೆ ಬಂದಿದ್ದರು, ಅದನ್ನ ಇಲ್ಲ ಅಂದವರು ಯಾರು? ನಡಿಗೆ ಕಲಿತಿದ್ದು ಎಲ್ಲಿ ಅನ್ನೋದು ವಾದ. 70 ಲಕ್ಷ ವರ್ಷದ ಟೂಮೈ ಅನ್ನೋ ಫಾಸಿಲ್ ಕಡೆ ಹೋಗಿ ನೋಡಿ.

ಪಿಬಿ_ರಸ್ತೆ · 10.51
ಹೋಗೋಣ. ಚಾಡ್ ದೇಶದ ಜುರಾಬ್ ಮರುಭೂಮಿಯಲ್ಲಿ ತಲೆಬುರುಡೆ ಸಿಕ್ಕಿದ್ದು 2001ರಲ್ಲಿ, ಪ್ರಕಟ 2002. ಅದೇ ಜಾಗದ ತೊಡೆಮೂಳೆಯ ಬಗ್ಗೆ ಮೊದಲ ಲೇಖನ ಬಂದದ್ದು 2020ರಲ್ಲಿ, ಅದರಲ್ಲಿ ಎರಡು ಕಾಲಿನ ನಡಿಗೆ ಇಲ್ಲ ಅಂತಾರೆ. 2022ರಲ್ಲಿ ಮೂಲ ತಂಡದವರು ಬಂದು ಇದೆ ಅಂತಾರೆ. ಇಪ್ಪತ್ತು ವರ್ಷ ಒಂದು ಮೂಳೆ ಪೆಟ್ಟಿಗೆಯಲ್ಲಿ! ಇಂಥ ಸಾಕ್ಷಿಯ ಮೇಲೆ ಕಾಡು ಅಂತ ತೀರ್ಪು ಕೊಡ್ತೀರಾ?

ಕುಂದುವಾಡ_ಕೆರೆ · 10.57
ಜೊತೆಗೆ ಆ ತೊಡೆಮೂಳೆಗೆ ಎರಡು ತುದಿಯೂ ಇಲ್ಲ. ಮೇಲೆ ಗುಂಡಿಲ್ಲ, ಕೆಳಗೆ ಕಾಂಡೈಲಿಲ್ಲ. 9, 6 ಎರಡೂ ಕೇಳಬೇಡಿ. ದಂಡದ ಬಾಗು, ಮೂಳೆಯ ಗೋಡೆಯ ದಪ್ಪ ನೋಡಿ ವಾದ ಮಾಡಬೇಕು, ಅದಕ್ಕೇ ಜಗಳ ನಿಲ್ತಿಲ್ಲ. ಕೀನ್ಯಾದಲ್ಲಿ ಸಿಕ್ಕ ಓರೋರಿನ್ ಅನ್ನೋ ಫಾಸಿಲ್ ವಾಸಿ. ಸುಮಾರು 60 ಲಕ್ಷ ವರ್ಷ, ತೊಡೆಮೂಳೆಯ ಮೇಲಿನ ಅರ್ಧ ಇದೆ, ಕುತ್ತಿಗೆಯ ಉದ್ದ ಸಿಗುತ್ತೆ.

ಮೂಳೆ_ಮಾತು · 11.02
ಟೂಮೈಗೆ ತುದಿ ಇಲ್ಲದ್ದು ಸಮಸ್ಯೆ, ಎಎಲ್ 129ಕ್ಕೆ ಮೇಲಿನ ದಂಡ ಇಲ್ಲದ್ದು ಸಮಸ್ಯೆ ಅಲ್ಲ. ನ್ಯಾಯ ಚೆನ್ನಾಗಿದೆ.

ಎರೆಹೊಲ · 11.05
ಪಿಬಿ ಸಾರ್, ಮೊದಲಿನ ಟ್ರೆಡ್‌ಮಿಲ್ ಲೆಕ್ಕಕ್ಕ ಯಾರೂ ಕೈ ಹಾಕಿಲ್ಲ, ನಾನಾ ಹಾಕ್ತೀನಿ. ಅದೇ ಐದು ಚಿಂಪಾಂಜಿ ಎರಡು ಕಾಲ ಮ್ಯಾಲೆ ನಡದಾಗೂ ನಾಲ್ಕು ಕಾಲ ಮ್ಯಾಲೆ ನಡದಾಗೂ ಸರಾಸರಿ ಖರ್ಚು ಒಂದೇ. ಶೇ. 75 ಉಳಿತಾಯ ಈಗಿನ ಮನುಷ್ಯಂದು, ಉದ್ದನ ಕಾಲಿಂದು, ನೆಟ್ಟಗಿನ ಮೊಣಕಾಲಿಂದು. ಎದ್ದು ನಿಂತ ಮೊದಲನೇ ದಿನ ಅಷ್ಟು ಉಳಿತಾಯ ಎಲ್ಲಿಂದ ಬಂತು? ಆದ್ರ ಹೊರೋ ಲಾಭ ಮೊದಲನೇ ದಿನಾನೇ ಐತಿ.

ಪಿಬಿ_ರಸ್ತೆ · 11.12
ಸರಾಸರಿ ಒಂದೇ, ಆದರೆ ಐದರಲ್ಲಿ ಒಂದಕ್ಕೆ ಎರಡು ಕಾಲೇ ಅಗ್ಗವಾಗಿತ್ತು. ಆಯ್ಕೆ ನಡೆಯೋದೇ ಇಂಥ ವ್ಯತ್ಯಾಸದ ಮೇಲೆ. ಹೊರೆ ಅಂತೀರಲ್ಲ, ಆಸ್ಟ್ರಲೋಪಿಥೆಕಸ್ ಏನನ್ನ ಹೊತ್ತಿತು? ಕೀನ್ಯಾದ ಲೊಮೆಕ್ವಿಯ ಕಲ್ಲಿನ ಹತಾರ 33 ಲಕ್ಷ ವರ್ಷದ್ದು. ನಡಿಗೆ ಅದಕ್ಕಿಂತ ಎಷ್ಟೋ ಹಳೇದು.

ಎರೆಹೊಲ · 11.15
ಹೊರಾಕ ಕಲ್ಲೇ ಬೇಕೇನು? ಕೂಸು ಹೊರೋದು ಹೊರೆ ಅಲ್ಲೇನು? ಕಾಲಿನ ಹೆಬ್ಬೆರಳು ನಮ್ಮಂಗಾದ ಮ್ಯಾಲೆ ಕೂಸು ಅವ್ವನ ಮೈಯಿಗೆ ಕಾಲಿಲೆ ಜೋತು ಬೀಳಾಕ ಆಗಂಗಿಲ್ಲ. ಕೈಯಾಗೇ ಎತ್ತಬೇಕು.

ಕುಂದುವಾಡ_ಕೆರೆ · 11.20
ಇದು ನಡಿಗೆಯ ಕಾರಣ ಅಲ್ಲ, ಪರಿಣಾಮ. ಹೆಬ್ಬೆರಳು ಬದಲಾದದ್ದು ನಡೆದ ಮೇಲೆ.

ಎರೆಹೊಲ · 11.22
ಪರಿಣಾಮ ಆದ್ರೂ ಹೊರೆ ಹೊರೆನೇ ಅಲ್ರೀ ಮೇಡಂ.

ಒನಕೆ_ಕಿಂಡಿ · 11.26
ನಮ್ಮ ಶಿವಾಲಿಕ್‌ನ ರಾಮಪಿಥೆಕಸ್ ಬಗ್ಗೆ ಯಾರೂ ಮಾತೇ ಆಡ್ಲಿಲ್ಲ? ಪಿಯು ಪುಸ್ತಕದಲ್ಲಿ ಮನುಷ್ಯನಿಗೆ ಹತ್ತಿರ ಅಂತ ಇದೆ.

ಜೋಗಿಮಟ್ಟಿ · 11.29
ಅದು ಬರೀ ದವಡೆ ತುಣುಕು, ಹಲ್ಲು. 1982ರಲ್ಲಿ ಪಾಕಿಸ್ತಾನದ ಪೊಟ್ವಾರ್‌ನ ಶಿವಪಿಥೆಕಸ್ ಮುಖ ಪ್ರಕಟವಾದ ಮೇಲೆ ಅದನ್ನ ಒರಾಂಗುಟಾನ್ ಕಡೆಗೆ ಸೇರಿಸಿದರು. ಪರೀಕ್ಷೆಯಲ್ಲಿ ಕೇಳಿದ್ರೆ ಪುಸ್ತಕದಲ್ಲಿರೋದು ಬರೀರಿ, ಇಲ್ಲಿ ಬೇಡ.

ಪಿಬಿ_ರಸ್ತೆ · 11.31
‘ಪುಸ್ತಕದಲ್ಲಿರೋದು ಬರೀರಿ’ ಅಂತ ವ್ಯಂಗ್ಯ ಯಾಕೆ? ಮಕ್ಕಳಿಗೆ ಅಂಕ ಕೊಡೋದು ಪುಸ್ತಕ ನೋಡಿಯೇ. ನಿಮ್ಮ ಟೂಮೈ ನೋಡಿ ಅಲ್ಲ.

ಮೂಳೆ_ಮಾತು · 11.40
ಮೇಡಂಗೆ ಕೊನೇ ಮಾತು. ಒಂದು ಒಣ ತೊಡೆಮೂಳೆ ಹಲಗೆ ಮೇಲಿಟ್ಟು, ಎರಡೂ ಕಾಂಡೈಲು ತಾಗಿರೋದು ಕಾಣೋ ಹಾಗೆ ಫೋಟೋ ಹಾಕಿ. ಮೇಲಿಂದ ನೇರವಾಗಿ ತೆಗೀಬೇಕು. ಪಕ್ಕದಿಂದ ತೆಗೆದರೆ ಕೋನ ಎಷ್ಟು ಬೇಕಾದ್ರೂ ಬರುತ್ತೆ. ಮಧ್ಯಬಿಂದು ಎಲ್ಲಿ ಹಾಕಿದ್ರಿ ಅನ್ನೋದೂ ಕಾಣಬೇಕು. ಕೋನಮಾಪಕ ನಾನಿಡ್ತೀನಿ.

ಕುಂದುವಾಡ_ಕೆರೆ · 11.43
ಎಡಗಾಲಿಂದೋ ಬಲಗಾಲಿಂದೋ?

ಮೂಳೆ_ಮಾತು · 11.44
ಎರಡೂ.